ಬತ್ತಿ ಹೊಸೆದು ಕಟ್ಟುವ ಮಡಕೆ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ವಾಚನಾಲಯವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ

ಎಲ್ಲರಿಗೂ ನಮಸ್ಕಾರ. ಈ ಮೇಜಿನ ಮೇಲೆ ಒಡೆದ ಮಡಕೆಗಳ ಎರಡು ಬೋಕಿಗಳನ್ನು, ಅಂದರೆ ಚೂರುಗಳನ್ನು, ಇಟ್ಟಿದ್ದೇನೆ. ಮುಂದಿನ ಸಾಲಿನಲ್ಲಿ ಕುಳಿತವರು ಅವುಗಳನ್ನು ಕೈಗೆತ್ತಿಕೊಂಡು ನೋಡಿ ಹಿಂದಿನವರಿಗೆ ದಾಟಿಸಬೇಕೆಂದು ಕೋರುತ್ತೇನೆ. ಮೊದಲನೆಯದು ತಿಗರಿಯ, ಅಂದರೆ ಕುಂಬಾರನ ಚಕ್ರದ, ಮೇಲೆ ಎದ್ದ ಮಡಕೆಯದು. ಅದು ಒಡೆದ ಅಂಚಿಗೆ ಗೊತ್ತಾದ ದಿಕ್ಕೆಂಬುದಿಲ್ಲ. ಎರಡನೆಯದರ ಅಂಚು ದಾರ ಹಿಡಿದು ಗೆರೆ ಎಳೆದಂತೆ ಅಡ್ಡಲಾಗಿ ನೇರವಾಗಿದೆ, ಬೆರಳಿನಿಂದ ಸವರಿದರೆ ಒರಟೂ ಅಲ್ಲ, ದುಂಡಗೆ ನುಣುಪಾಗಿದೆ. ಒಡೆದ ಜಾಗ ನುಣುಪಾಗಿದೆಯೆಂದರೆ ಅಲ್ಲಿ ಮಣ್ಣಿನ ಎರಡು ಬತ್ತಿಗಳು ಒಂದರ ಮೇಲೊಂದು ಕುಳಿತಿದ್ದವೇ ಹೊರತು ಕೂಡಿರಲಿಲ್ಲ ಎಂದರ್ಥ. ಅದು ನಾನು ಕಟ್ಟಿದ ಮೊದಲ ಮಡಕೆಯ ಚೂರು.

ತಿಗರಿಯಿಲ್ಲದೆ, ಮಣ್ಣನ್ನು ಹಗ್ಗದಂತೆ ಹೊಸೆದು, ಆ ಹಗ್ಗವನ್ನು ಸುತ್ತು ಸುತ್ತಾಗಿ ಏರಿಸಿ ಪಾತ್ರೆ ಕಟ್ಟುವ ವಿಧಾನದ ಬಗ್ಗೆ ಮಾತನಾಡಲು ನನ್ನನ್ನು ಕರೆದಿದ್ದೀರಿ. ಮೂವತ್ತು ವರ್ಷ ಕನ್ನಡ ಮಾಧ್ಯಮದ ಶಾಲೆಯಲ್ಲಿ ವಿಜ್ಞಾನ ಕಲಿಸಿದ ನಾನು ನಿವೃತ್ತಿಯ ಅನಂತರ ಈ ಕೆಲಸಕ್ಕೆ ಕೈಹಾಕಿದವನು. ಇದು ನನ್ನ ಕುಲಕಸುಬಲ್ಲವಾದ್ದರಿಂದ ನಮ್ಮೂರಿನ ಕುಂಬಾರರ ವಿದ್ಯೆಯ ಬಗ್ಗೆ ಅಧಿಕಾರದಿಂದ ಮಾತನಾಡುವ ಹಕ್ಕು ನನಗಿಲ್ಲ. ನಮ್ಮ ಸೀಮೆಯ ಕುಂಬಾರರು ತಿಗರಿಯವರು. ಬಾಯಿ, ಕೊರಳು, ಹೆಗಲುಗಳನ್ನು ತಿಗರಿಯ ಮೇಲೆ ಎಬ್ಬಿಸಿ, ತಳವನ್ನು ಒಳಗೆ ಕಲ್ಲು ಹೊರಗೆ ಹಲಗೆ ಹಿಡಿದು ತಟ್ಟಿ ಗುಂಡಗೆ ಮಾಡುವವರು. ಬತ್ತಿಯ ಕೆಲಸದ ದಾರಿ ಬೇರೆ. ಆದರೂ ಅದನ್ನು ಕಲಿಯುವಾಗ ನನಗೆ ಮಣ್ಣಿನ ಹದವನ್ನು ತೋರಿಸಿಕೊಟ್ಟವರು ನೆರೆಯ ಕುಂಬಾರ ಮನೆಯ ಹಿರಿಯರೊಬ್ಬರು. ಅವರನ್ನು ಊರಿನವರೆಲ್ಲ ಅಜ್ಜಿ ಎಂದೇ ಕರೆಯುತ್ತಿದ್ದೆವು. ಬತ್ತಿ ಹೊಸೆಯುವುದನ್ನು ಸಣ್ಣ ಮಗುವೂ ಒಂದು ಗಳಿಗೆಯಲ್ಲಿ ಕಲಿಯುತ್ತದೆ. ಎರಡು ಬತ್ತಿಗಳನ್ನು ಕೂಡಿಸುವುದನ್ನು ಕಲಿಯಲು ನನಗೆ ಎರಡು ವರ್ಷ ಬೇಕಾಯಿತು. ಇಂದಿನ ನನ್ನ ಮಾತು ಎಲ್ಲಿಂದ ಹೊರಟರೂ ಆ ಕೂಡಿಸುವ ಕೆಲಸಕ್ಕೇ ಬಂದು ಸೇರುತ್ತದೆ.

ತಿಗರಿ ಗೊತ್ತಿಲ್ಲದ ಕಾಲದಲ್ಲಿ ಜನ ಕೈಯಿಂದ ಮಡಕೆ ಮಾಡಿದರು, ತಿಗರಿ ಬಂದ ಮೇಲೆ ಆ ವಿದ್ಯೆ ಹಿಂದೆ ಸರಿಯಿತು ಎಂದು ತರಗತಿಯಲ್ಲಿ ನಾನೇ ಮಕ್ಕಳಿಗೆ ಹೇಳಿದ್ದುಂಟು. ಕಾಲಾನುಕ್ರಮದ ಮಟ್ಟಿಗೆ ಅದರಲ್ಲಿ ಸತ್ಯವಿದೆ. ಚೀನದ ಜಿಯಾಂಗ್ಶಿ ಪ್ರಾಂತದ ಶಿಯಾನ್‌ರೆನ್‌ಡಾಂಗ್ ಗುಹೆಯಲ್ಲಿ ದೊರೆತ ಮಡಕೆಯ ಚೂರುಗಳು ಸುಮಾರು 20,000 ವರ್ಷ ಹಿಂದಿನವು. ತಿಗರಿಯಾದರೋ ಪಶ್ಚಿಮ ಏಷ್ಯಾದಲ್ಲಿ ಕಾಣಿಸಿಕೊಂಡು ಸುಮಾರು ಆರು ಸಾವಿರ ವರ್ಷಗಳಷ್ಟೇ ಆಗಿವೆ. ಘಟ್ಟದ ಮೇಲೆ, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ನಡೆಸಿದ ಉತ್ಖನನದಲ್ಲಿ, ಕಲ್ಲಿನ ಕೊಡಲಿಯ ಕಾಲದ ಕೆಳಪದರದಿಂದ ಹೊರಬಂದ ಮಡಕೆಗಳು ಬಹುಪಾಲು ಕೈಯಿಂದ ಮಾಡಿದವು. ಅದರ ಮೇಲಿನ ಶಿಲಾಸಮಾಧಿಗಳ ಕಾಲದ ಪದರದಲ್ಲಿ ತಿಗರಿಯಿಂದ ಎದ್ದ ಕಪ್ಪು-ಕೆಂಪು ಮಡಕೆಗಳು ದೊರೆತವು. ಇಷ್ಟನ್ನು ಒಪ್ಪಿಕೊಂಡ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ತಿಗರಿ ಪಕ್ಕದಲ್ಲೇ ಇದ್ದಾಗಲೂ ಜಗತ್ತಿನ ಹಲವು ಕಡೆ ಬತ್ತಿಯ ಕೆಲಸ ಏಕೆ ಮುಂದುವರಿಯಿತು?

ಒಂದು ಕಾರಣ ಗಾತ್ರ. ತಿಗರಿಯ ಮೇಲೆ ಎದ್ದ ಗೋಡೆ ಪೂರ್ತಿ ಹಸಿಯಾಗಿಯೇ ಇದ್ದು ತನ್ನ ಭಾರವನ್ನು ತಾನೇ ಹೊರಬೇಕು, ಒಂದು ಎತ್ತರ ದಾಟಿದರೆ ಕುಸಿಯುತ್ತದೆ. ಬತ್ತಿಯ ಗೋಡೆಯನ್ನು ಸ್ವಲ್ಪ ಕಟ್ಟಿ, ಅದು ಬಿಗಿಯುವ ತನಕ ಕಾದು, ಮತ್ತೆ ಕಟ್ಟಬಹುದು; ಹಾಗಾಗಿ ಎತ್ತರಕ್ಕೆ ಮಿತಿಯೆಂಬುದು ಕಟ್ಟುವವರ ತಾಳ್ಮೆಯದು ಮತ್ತು ಸುಡುವ ಆವಿಗೆಯದು ಮಾತ್ರ. ಕೊರಿಯಾದವರು ಸೋಯಾ ಸಾರವನ್ನೂ ಕಿಮ್ಚಿಯನ್ನೂ ಹುಳಿಯಲು ಇಡುವ ಓಂಗಿ ಎಂಬ ದೊಡ್ಡ ಹಂಡೆಗಳನ್ನು ಇಂದಿಗೂ ದಪ್ಪ ಬತ್ತಿಗಳಿಂದ ಕಟ್ಟಿ, ಒಳಗಿನಿಂದಲೂ ಹೊರಗಿನಿಂದಲೂ ತಟ್ಟಿ ಮಾಡುತ್ತಾರೆ. ಕೇರಳದಲ್ಲಿ ಸತ್ತವರ ಎಲುಬುಗಳನ್ನಿಟ್ಟು ಹೂಳುತ್ತಿದ್ದ, ಮಲಯಾಳದಲ್ಲಿ ನನ್ನಂಗಾಡಿ ಎಂದು ಕರೆಯುವ ಹಳೆಯ ಗುಡಾಣಗಳನ್ನು ವಸ್ತುಸಂಗ್ರಹಾಲಯಗಳಲ್ಲಿ ನೀವು ನೋಡಿರಬಹುದು. ಮುಂದಿನ ಸಲ ನೋಡುವಾಗ ಗೋಡೆಯ ಒಳಮೈಯಲ್ಲಿ ಅಡ್ಡಪಟ್ಟಿಗಳಂತಹ ಏರುತಗ್ಗು ಇದೆಯೇ ಎಂದು ಗಮನಿಸಿ. ಪುರಾತತ್ತ್ವದವರು ಎಕ್ಸ್‌ರೇಯಲ್ಲಿ ನೋಡುವುದೂ ಇಂತಹ ಗುರುತುಗಳನ್ನೇ: ತಿಗರಿಯ ಮಡಕೆಯ ಗೋಡೆಯೊಳಗೆ ಸಣ್ಣ ಗಾಳಿಗುಳ್ಳೆಗಳು ಓರೆಯಾಗಿ ಎಳೆದುಕೊಂಡಿರುತ್ತವೆ, ಬತ್ತಿಯ ಮಡಕೆಯಲ್ಲಿ ಅವು ಅಡ್ಡಲಾಗಿ ಸಾಲುಗಟ್ಟಿ ಮಲಗಿರುತ್ತವೆ.

ಇನ್ನೊಂದು ಕಾರಣವನ್ನು ಹೇಳಲೇಬೇಕು. ತಿಗರಿಯನ್ನು ಹೆಂಗಸರು ಮುಟ್ಟಬಾರದೆಂಬ ಕಟ್ಟು ನಮ್ಮ ದೇಶದ ಹಲವು ಕಡೆ ಇತ್ತು. ಕೈಯಿಂದ ಕಟ್ಟುವ ವಿದ್ಯೆ ಹೆಂಗಸರ ಬಳಿ ಉಳಿಯಿತು, ಬೆಳೆಯಿತು. ಮಣಿಪುರದ ಆಂಡ್ರೊ ಗ್ರಾಮದಲ್ಲಿ ಸಂಪ್ರದಾಯದಂತೆ ಮಡಕೆ ಮಾಡುವವರು ಮದುವೆಯಾದ ಹೆಂಗಸರೇ. ನೈಜೀರಿಯಾದ ಕ್ವಾಲಿ ಗ್ರಾಮದ ಲಾಡಿ ಕ್ವಾಲಿ ಎಂಬ ಮಹಿಳೆ ಬತ್ತಿ ಸುತ್ತಿ ನೀರಿನ ಕೊಡಗಳನ್ನು ಕಟ್ಟುತ್ತಿದ್ದವರು. ಮೈಕೇಲ್ ಕಾರ್ಡ್ಯೂ ಎಂಬ ಇಂಗ್ಲಿಷ್ ಕುಶಲಕರ್ಮಿ ಅಬುಜಾದಲ್ಲಿ ತೆರೆದ ತರಬೇತಿ ಕೇಂದ್ರವನ್ನು ಸೇರಿದ ಮೇಲೂ ಅವರು ತಮ್ಮ ಕೈವಿದ್ಯೆಯನ್ನು ಬಿಡಲಿಲ್ಲ. ತಿಗರಿ ತಾನು ತಿರುಗಿ ಕುಂಬಾರನನ್ನು ಕುಳಿತಲ್ಲೇ ಇರಿಸುತ್ತದೆ. ಅವರ ನಾಡಿನ ಕ್ರಮದಲ್ಲಿ ಮಡಕೆ ನಿಂತಲ್ಲೇ ಇರುತ್ತದೆ, ಕಟ್ಟುವವರು ಅದರ ಸುತ್ತ ನಡೆಯುತ್ತಾರೆ. ನೈಜೀರಿಯಾದ 20 ನೈರಾ ನೋಟಿನ ಹಿಂಬದಿಯಲ್ಲಿ ಲಾಡಿ ಕ್ವಾಲಿಯವರ ಚಿತ್ರವಿದೆ. ಕುಂಬಾರಿಕೆಯ ಹೆಣ್ಣುಮಗಳೊಬ್ಬಳನ್ನು ಒಂದು ದೇಶ ತನ್ನ ಹಣದ ಮೇಲೆ ಅಚ್ಚುಹಾಕಿತೆಂಬುದು ನನಗೆ ಬಹಳ ಸಂತೋಷ ಕೊಡುವ ಸಂಗತಿ.

ಮೂರನೆಯ ಕಾರಣ ಮಣ್ಣು. ಅದು ನಮಗೆ ನೇರವಾಗಿ ಸಂಬಂಧಿಸಿದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನಮ್ಮದು ಮುರಕಲ್ಲಿನ ನೆಲ. ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟಿಸಿದ ಪ್ರವಾಸ ವರದಿಯಲ್ಲಿ, ಮಲಬಾರಿನ ಅಂಗಾಡಿಪ್ಪುರಂನಲ್ಲಿ ಕಂಡ ಈ ಕಲ್ಲಿಗೆ, ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಲ್ಯಾಟರೈಟ್ ಎಂಬ ಹೆಸರನ್ನು ಕೊಟ್ಟರು. ನೆಲದೊಳಗಿರುವಾಗ ಕೊಡಲಿಗೆ ಮೆದುವಾಗಿ ಸಿಕ್ಕಿ, ಹೊರಗೆ ತೆಗೆದ ಮೇಲೆ ಗಾಳಿಗೆ ಗಟ್ಟಿಯಾಗುವ ಆ ಗುಣವನ್ನು ಇಲ್ಲಿ ಮನೆ ಕಟ್ಟಿಸಿದ ಎಲ್ಲರೂ ಬಲ್ಲರು. ಬಾವಿ, ಸುರಂಗ ತೋಡುವವರಿಗೆ ಈ ಕಲ್ಲಿನ ಅಡಿಯಲ್ಲಿ ಬಿಳಿಯ ಶೇಡಿ ಮಣ್ಣು ಸಿಗುತ್ತದೆ. ಶೇಡಿ ನೋಡಲು ಚೆಂದ, ಆದರೆ ಅದರಲ್ಲಿ ಅಂಟು ಕಡಿಮೆ, ಅದೊಂದರಿಂದಲೇ ಬತ್ತಿ ಹೊಸೆಯಲು ಹೊರಟರೆ ತುಂಡಾಗುತ್ತದೆ. ಮಡಕೆಗೆ ಬೇಕಾದ ಮಣ್ಣು ಇರುವುದು ಗುಡ್ಡದ ಬುಡದಲ್ಲಿ. ಮಳೆನೀರು ಸಾವಿರಾರು ವರ್ಷ ತೊಳೆದು ತಂದ ನವಿರು ಕಣಗಳು ತಗ್ಗಿನಲ್ಲಿ ನಿಂತು, ಬೆಟ್ಟು, ಮಜಲು, ಬೈಲು ಎಂಬ ಮೂರು ಬಗೆಯ ಗದ್ದೆಗಳಲ್ಲಿ ಬೈಲಿನ ಅಡಿಮಣ್ಣಾಗಿ ಕುಳಿತಿವೆ. ಕಬ್ಬಿಣದ ಅಂಶ ಇರುವುದರಿಂದ, ಹಸಿಯಾಗಿದ್ದಾಗ ಬೂದು ಬಣ್ಣಕ್ಕಿರುವ ಈ ಮಣ್ಣು ಸುಟ್ಟಾಗ ಕೆಂಪಾಗುತ್ತದೆ.

ಬೈಲುಗಳು ಅಡಿಕೆ ತೋಟಗಳಾಗಿ, ತೋಟಗಳು ಮನೆಯ ನಿವೇಶನಗಳಾಗಿ ಬದಲಾಗುತ್ತಿರುವಾಗ ಮಣ್ಣಿನ ಮಾತನ್ನು ಎಚ್ಚರದಿಂದ ಆಡಬೇಕು. ಗದ್ದೆಯನ್ನು ಮುಚ್ಚುವುದನ್ನೂ ಅದರ ರೂಪ ಕೆಡಿಸುವುದನ್ನೂ ತಡೆಯಲು ಕೇರಳದಲ್ಲಿ 2008ರಲ್ಲಿ ಕಾನೂನು ಬಂದಿದೆ, ಅದು ಬೇಕಾದ ಕಾನೂನೇ. ಕಸುಬಿನ ಕುಂಬಾರರಿಗೆ ಮಣ್ಣು ಸಿಗುವುದು ಕಷ್ಟವಾಗಿದೆ ಎಂಬ ನೋವೂ ಅಷ್ಟೇ ನಿಜ, ಅದಕ್ಕೊಂದು ನ್ಯಾಯವಾದ ದಾರಿ ಆಗಲೇಬೇಕೆಂದು ನಾನು ನಂಬುತ್ತೇನೆ. ನಮ್ಮಂತಹ ಹವ್ಯಾಸಿಗಳಿಗೆ ಬೇಕಾಗುವುದು ವರ್ಷಕ್ಕೆ ನಾಲ್ಕೈದು ಬುಟ್ಟಿ. ಮನೆಯ ಕೆರೆಯ ಹೂಳೆತ್ತುವಾಗ, ತೋಡಿನ ಬದಿಯನ್ನು ಸರಿಪಡಿಸುವಾಗ ಸಿಗುವುದರಲ್ಲಿ ನಾವು ತೃಪ್ತರಾಗಬೇಕು.

ಮಣ್ಣನ್ನು ಪರೀಕ್ಷಿಸುವ ಬಗೆ ಸುಲಭ. ಪೆನ್ಸಿಲಿನ ದಪ್ಪಕ್ಕೆ ಒಂದು ಬತ್ತಿ ಹೊಸೆದು ತೋರುಬೆರಳಿಗೆ ಉಂಗುರದಂತೆ ಸುತ್ತಿ ನೋಡಿ. ಹೊರಮೈ ಬಿರಿಯದಿದ್ದರೆ ಅಂಟು ಸಾಕಷ್ಟಿದೆ. ಅನಂತರ ಒಂದು ಸಣ್ಣ ಬಿಲ್ಲೆ ಮಾಡಿ, ಅದರ ಮೇಲೆ ಸರಿಯಾಗಿ 10 ಸೆಂಟಿಮೀಟರ್ ಗೆರೆ ಎಳೆದು, ಒಣಗಿದ ಮೇಲೆ ಅಳೆದು ನೋಡಿ. ನನ್ನ ಕೆರೆಯ ಮಣ್ಣಿನ ಗೆರೆ 9.1 ಸೆಂಟಿಮೀಟರಿಗೆ ಇಳಿಯಿತು. ನೂರಕ್ಕೆ ಒಂಬತ್ತು ಪಾಲು ಕುಗ್ಗುವ ಮಣ್ಣಿನಿಂದ ಕಟ್ಟಿದ ದೊಡ್ಡ ಮಡಕೆ ಬಿರಿಯದೆ ಒಣಗುವುದು ಕಷ್ಟ. ಅದಕ್ಕೆ ಕುಗ್ಗದ ಯಾವುದಾದರೂ ಪುಡಿಯನ್ನು ಬೆರೆಸಬೇಕು. ತಿಗರಿಯವರು ಒರಟು ಪುಡಿ ಹೆಚ್ಚು ಹಾಕುವಂತಿಲ್ಲ, ತಿರುಗುವ ಮಣ್ಣು ಅಂಗೈಯ ಚರ್ಮವನ್ನೇ ಕೆರೆಯುತ್ತದೆ, ತೆಳುಗೋಡೆ ಹರಿಯುತ್ತದೆ. ಬತ್ತಿಯವರಿಗೆ ಆ ಕಷ್ಟವಿಲ್ಲ. ನಾಲ್ಕಕ್ಕೆ ಒಂದು ಪಾಲು ಒರಟು ಪುಡಿ ಸೇರಿದ ಮಣ್ಣೂ ಬತ್ತಿಯಾಗಿ ಎದ್ದು ನಿಲ್ಲುತ್ತದೆ, ಕುಗ್ಗುವುದು ಕಡಿಮೆಯಾಗುತ್ತದೆ, ಒಳಗಿನ ಹಬೆಗೆ ಹೊರಬರಲು ದಾರಿ ಸಿಗುತ್ತದೆ, ಮುಂದೆ ಒಲೆಯ ಮೇಲಿಟ್ಟಾಗ ಬೆಂಕಿಯ ಏರಿಳಿತವನ್ನೂ ಅಂತಹ ಮಡಕೆ ಹೆಚ್ಚು ತಾಳಿಕೊಳ್ಳುತ್ತದೆ. ತಿಗರಿಗೆ ಒಗ್ಗದ ಮಣ್ಣು ಬತ್ತಿಗೆ ಒಗ್ಗುತ್ತದೆ ಎಂಬುದನ್ನು ಈ ಊರಿನವರು ವಿಶೇಷವಾಗಿ ಗಮನಿಸಬೇಕು.

ಆ ಪುಡಿ ಯಾವುದು? ನಮ್ಮಲ್ಲಿ ಅದಕ್ಕೆ ಬರವಿಲ್ಲ. ಬಾಸೆಲ್ ಮಿಷನ್ನಿನವರು 1860ರ ದಶಕದಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದಂದಿನಿಂದ ಈ ಕರಾವಳಿಯ ಮಾಡುಗಳೆಲ್ಲ ಹಂಚು ಹೊದ್ದವು. ಈಗ ಆ ಮಾಡುಗಳು ಇಳಿದು ಕಾಂಕ್ರೀಟು ಏರುತ್ತಿರುವಾಗ ಒಡೆದ ಹಂಚುಗಳು ಪ್ರತಿ ಹಿತ್ತಲಲ್ಲಿ ರಾಶಿ ಬಿದ್ದಿವೆ. ಅವನ್ನು ಕುಟ್ಟಿ, ರವೆಯಂತೆ ಜರಡಿ ಹಿಡಿದರೆ ಅದಕ್ಕಿಂತ ಒಳ್ಳೆಯ ಪುಡಿ ಬೇರಿಲ್ಲ, ಏಕೆಂದರೆ ಅದು ಒಮ್ಮೆ ಬೆಂಕಿಯನ್ನು ಕಂಡು ಕುಗ್ಗಿ ಮುಗಿದ ಮಣ್ಣು. ಹೊಳೆಯ ಮರಳೂ ಆಗುತ್ತದೆ. ಆದರೆ ಉಪ್ಪಳ, ಕುಂಬಳೆ ಕಡೆಯ ಕಡಲ ಕರೆಯ ಮರಳನ್ನು ದಯವಿಟ್ಟು ಬೆರೆಸಬೇಡಿ. ಅದರಲ್ಲಿ ಚಿಪ್ಪಿನ ಚೂರುಗಳಿರುತ್ತವೆ. ಬೆಂಕಿಯಲ್ಲಿ ಚಿಪ್ಪು ಸುಣ್ಣವಾಗುತ್ತದೆ. ಮಡಕೆ ಚೆನ್ನಾಗಿ ಬೆಂದು ಹೊರಗೆ ಬಂದ ಕೆಲವು ದಿನಗಳ ಅನಂತರ, ಆ ಸುಣ್ಣ ಗಾಳಿಯ ತೇವವನ್ನು ಹೀರಿ ಉಬ್ಬಿ, ಗೋಡೆಯಿಂದ ಕಾಸಿನಗಲದ ಚಕ್ಕೆಗಳನ್ನು ಹಾರಿಸುತ್ತದೆ. ಮಳೆಗಾಲದ ತೇವದಲ್ಲಿ ಒಂದಿಡೀ ಸಾಲು ಮಡಕೆಗಳು ಹೀಗೆ ಸಿಡಿದುದನ್ನು ನಾನು ನನ್ನ ಜಗಲಿಯಲ್ಲೇ ಕಂಡಿದ್ದೇನೆ.

ಅಗೆದು ತಂದ ಮಣ್ಣನ್ನು ಮೊದಲು ಪೂರ್ತಿ ಒಣಗಿಸಿ, ಆ ಮೇಲೆ ನೀರಿಗೆ ಹಾಕಬೇಕು. ಹಸಿ ಹೆಂಟೆಯನ್ನು ನೀರಿಗೆ ಹಾಕಿದರೆ ಅದು ವಾರಗಟ್ಟಲೆ ಹೆಂಟೆಯಾಗಿಯೇ ಉಳಿಯುತ್ತದೆ. ಒಣಗಿದ ಹೆಂಟೆ ನೀರನ್ನು ಸೆಳೆದುಕೊಂಡು ಕಣ್ಣೆದುರೇ ಬಿರಿದು ಕೆಸರಾಗುತ್ತದೆ. ಕೆಸರನ್ನು ಸೊಳ್ಳೆಬಲೆಯಲ್ಲಿ ಸೋಸಿ, ಮುರಕಲ್ಲಿನ ಕಟ್ಟೆಯ ಮೇಲೆ ಬಟ್ಟೆ ಹಾಸಿ ಹರಡಿದರೆ ಕಲ್ಲು ತಾನಾಗಿ ನೀರನ್ನು ಹೀರಿಕೊಳ್ಳುತ್ತದೆ. ಪುಡಿ ಬೆರೆಸಿ, ತುಳಿದು, ಒದ್ದೆ ಗೋಣಿಯಲ್ಲಿ ಸುತ್ತಿ ಒಂದು ಮಳೆಗಾಲ ಇಟ್ಟರೆ ಮಣ್ಣಿನ ಅಂಟು ಹೆಚ್ಚುತ್ತದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯಲ್ಲಿ ವರುಷವೆಂಬುದು ಅತಿಶಯದ ಮಾತೆಂದು ನಾನು ಬಹುಕಾಲ ತಿಳಿದಿದ್ದೆ. ಬೇಸಗೆಯಲ್ಲಿ ಅಗೆದ ಮಣ್ಣು ಮಳೆಗಾಲ ಕಳೆದು, ದೀಪಾವಳಿಯ ಅನಂತರ ಮಡಕೆಯಾಗಿ, ಮಾಘದ ಬಿಸಿಲಲ್ಲಿ ಒಣಗಿ ಬೆಂಕಿ ಕಾಣುವ ಹೊತ್ತಿಗೆ ವರ್ಷಕ್ಕೆ ಸ್ವಲ್ಪವೇ ಕಡಿಮೆ. ಗಾದೆ ಲೆಕ್ಕ ತಪ್ಪಿಲ್ಲ.

ಇನ್ನು ಬತ್ತಿ. ಕೋಡುಬಳೆ ಮಾಡಿದ ಕೈಗಳಿಗೆ ಈ ಕೆಲಸ ಹೊಸದಲ್ಲ. ನಾದಿದ ಮಣ್ಣಿನ ಉಂಡೆಯನ್ನು ಮೊದಲು ಮುಷ್ಟಿಯಲ್ಲಿ ಹಿಸುಕಿ ಉದ್ದ ಮಾಡಿಕೊಂಡು, ಅನಂತರ ತುಸು ಒದ್ದೆಯಾದ ಹಲಗೆಯ ಮೇಲೆ ಬೆರಳುಗಳನ್ನು ಅಗಲಿಸಿ, ನಡುವಿನಿಂದ ಎರಡೂ ತುದಿಗಳ ಕಡೆಗೆ ಹೊಸೆಯುತ್ತಾ ಹೋಗಬೇಕು. ಒತ್ತಡ ಹೆಚ್ಚಾದರೆ ಬತ್ತಿ ಚಪ್ಪಟೆಯಾಗುತ್ತದೆ, ಚಪ್ಪಟೆಯಾದುದನ್ನು ಮತ್ತೆ ಹೊಸೆದರೆ ಅದರ ನಡುವೆ ಕೊಳವೆಯಂತೆ ಪೊಳ್ಳು ಉಳಿಯುತ್ತದೆ. ಅಂತಹ ಬತ್ತಿಯನ್ನು ಉಪಯೋಗಿಸದೆ ಉಂಡೆಗೆ ಸೇರಿಸಿಬಿಡಿ. ಕಿರುಬೆರಳಿನ ದಪ್ಪ, ಅಂದರೆ 1.2 ಸೆಂಟಿಮೀಟರಿನಷ್ಟು, ಮನೆಬಳಕೆಯ ಮಡಕೆಗೆ ಸರಿಯಾದ ಅಳತೆ. ಒಂದು ಲೆಕ್ಕ ಹೇಳುತ್ತೇನೆ. ಸರಾಸರಿ 20 ಸೆಂಟಿಮೀಟರ್ ಅಡ್ಡಳತೆಯ ಮಡಕೆಗೆ ಒಂದು ಸುತ್ತಿಗೆ ಸುಮಾರು 63 ಸೆಂಟಿಮೀಟರ್ ಬತ್ತಿ ಬೇಕು. ಒತ್ತಿದ ಮೇಲೆ ಪ್ರತಿ ಸುತ್ತೂ ಒಂದು ಸೆಂಟಿಮೀಟರ್ ಎತ್ತರ ಕೊಡುತ್ತದೆ ಎಂದಿಟ್ಟುಕೊಂಡರೆ, 25 ಸೆಂಟಿಮೀಟರ್ ಎತ್ತರದ ಮಡಕೆಗೆ 25 ಸುತ್ತು, ಒಟ್ಟು 15 ಮೀಟರಿಗಿಂತ ಹೆಚ್ಚು ಉದ್ದದ ಬತ್ತಿ, ತೂಕದಲ್ಲಿ ಮೂರೂವರೆ ಕಿಲೋದಷ್ಟು ಮಣ್ಣು. ಈ ಲೆಕ್ಕವನ್ನು ಮೊದಲೇ ತಿಳಿದುಕೊಂಡರೆ ನಡುವೆ ಮಣ್ಣು ಮುಗಿದು, ಬೇರೆ ಹದದ ಮಣ್ಣನ್ನು ಕಲಸಿ ಸೇರಿಸುವ ಅಪಾಯ ತಪ್ಪುತ್ತದೆ.

ಹಿರಿಯರಿಗೆ ತುಪ್ಪೆಯ ನೆನಪಿರಬಹುದು. ಬೈಹುಲ್ಲಿನ ಹಗ್ಗವನ್ನು ನೆಲದಿಂದ ಸುತ್ತು ಸುತ್ತಾಗಿ ಏರಿಸುತ್ತಾ, ಒಳಗೆ ಭತ್ತ ತುಂಬುತ್ತಾ ಅಂಗಳದಲ್ಲಿ ಕಟ್ಟುತ್ತಿದ್ದ ಆ ಕಣಜವನ್ನು ನಾನು ಬಾಲ್ಯದಲ್ಲಿ ಕಂಡಿದ್ದೆ. ಬತ್ತಿಯ ಮಡಕೆಯನ್ನು ಮೊದಲ ಸಲ ಕಟ್ಟಲು ಕುಳಿತಾಗ ನನ್ನ ಮನಸ್ಸಿನಲ್ಲಿದ್ದ ಮಾದರಿ ಅದೇ, ತಪ್ಪಿದ್ದೂ ಅಲ್ಲಿಯೇ. ತುಪ್ಪೆಯ ಹಗ್ಗಗಳು ಒಂದರ ಮೇಲೊಂದು ಕುಳಿತರೆ ಸಾಕು, ಒಳಗಿನ ಭತ್ತದ ಒತ್ತಡ ಅವನ್ನು ಬಿಗಿಯಾಗಿ ಹಿಡಿಯುತ್ತದೆ, ಹಗ್ಗ ಒಣಗಿದರೂ ಕುಗ್ಗುವುದಿಲ್ಲ. ಮಣ್ಣು ಕುಗ್ಗುತ್ತದೆ. ಜೇಡಿಯ ಕಣಗಳು ಒಂದು ಮಿಲಿಮೀಟರಿನ ಐನೂರರಲ್ಲಿ ಒಂದು ಪಾಲಿಗಿಂತಲೂ ಸಣ್ಣ ಹಾಳೆಗಳು. ಆ ಹಾಳೆಗಳ ನಡುವೆ ನೀರಿನ ತೆಳು ಪೊರೆ ಇರುವುದರಿಂದಲೇ ಅವು ಒಂದರ ಮೇಲೊಂದು ಜಾರಿ ನಾವು ಹೇಳಿದ ಆಕಾರಕ್ಕೆ ಬರುತ್ತವೆ. ನೀರು ಹೋದಂತೆ ಹಾಳೆಗಳು ಹತ್ತಿರ ಸರಿಯುತ್ತವೆ. ಎರಡು ಬತ್ತಿಗಳ ನಡುವೆ ಹಾಳೆಗಳು ಪರಸ್ಪರ ಹೆಣೆದುಕೊಂಡಿರದಿದ್ದರೆ ಪ್ರತಿ ಬತ್ತಿಯೂ ತನ್ನ ಪಾಡಿಗೆ ತಾನು ಕುಗ್ಗಿ, ನಡುವೆ ಕೂದಲೆಳೆಯಷ್ಟು ಬಿರುಕನ್ನು ಬಿಡುತ್ತದೆ. ಕಣ್ಣಿಗೆ ಕಾಣದ ಆ ಬಿರುಕನ್ನು ಬೆಂಕಿ ಕಾಣಿಸುತ್ತದೆ.

ಹಾಗಾದರೆ ಕೂಡಿಸುವುದು ಹೇಗೆ? ಕೆಳಗಿನ ಸುತ್ತಿನ ಮೇಲ್ಮೈಯನ್ನು ಮುಳ್ಳಿನಿಂದಲೋ ಹಳೆಯ ಬಾಚಣಿಗೆಯಿಂದಲೋ ಅಡ್ಡಡ್ಡ ಗೀರಬೇಕು. ಅದೇ ಮಣ್ಣನ್ನು ದೋಸೆ ಹಿಟ್ಟಿನ ಹದಕ್ಕೆ ಕದಡಿದ ಕೆಸರನ್ನು ಆ ಗೀರುಗಳ ಮೇಲೆ ತೆಳ್ಳಗೆ ಸವರಬೇಕು. ಬರೀ ನೀರು ಸವರಿದರೆ ಅಂಟುವುದಿಲ್ಲ, ಅಲ್ಲಿಯ ಮಣ್ಣು ಮಾತ್ರ ಹೆಚ್ಚು ಒದ್ದೆಯಾಗಿ ಹೆಚ್ಚು ಕುಗ್ಗುತ್ತದೆ. ಬತ್ತಿಯನ್ನು ಇಟ್ಟು, ಒತ್ತಿ, ತುದಿಗಳನ್ನು ಓರೆಯಾಗಿ ಕತ್ತರಿಸಿ ಒಂದರ ಮೇಲೊಂದು ಬರುವಂತೆ ಸೇರಿಸಬೇಕು. ಪ್ರತಿ ಸುತ್ತಿನ ಸೇರುವ ಜಾಗ ಬೇರೆ ಬೇರೆ ಕಡೆ ಬರಲಿ, ಗೋಡೆ ಕಟ್ಟುವ ಮೇಸ್ತ್ರಿ ಕಲ್ಲಿನ ಸಂದುಗಳು ಒಂದರ ಮೇಲೊಂದು ಬಾರದಂತೆ ನೋಡಿಕೊಳ್ಳುವ ಹಾಗೆ. ಇಷ್ಟು ಮಾಡಿದ ಮೇಲೆ ನಿಜವಾದ ಕೆಲಸ ಆರಂಭವಾಗುತ್ತದೆ. ಒಳಗಡೆಯಿಂದ ಹೆಬ್ಬೆರಳಿನಿಂದ ಮೇಲಿನ ಬತ್ತಿಯ ಮಣ್ಣನ್ನು ಕೆಳಗಿನ ಬತ್ತಿಯ ಮೇಲಕ್ಕೆ ಎಳೆದು ತರಬೇಕು, ಹೊರಗಡೆಯಿಂದ ಇನ್ನೊಂದು ಅಂಗೈ ಆಧಾರವಾಗಿರಬೇಕು. ಸಂದು ಪೂರ್ತಿ ಮಾಯವಾಗುವ ತನಕ ಹೀಗೆ ಎಳೆಯಬೇಕು. ಸುತ್ತುಗಳ ಚೆಲುವು ಹೊರಗೆ ಕಾಣಬೇಕೆಂಬ ಆಸೆಯಿದ್ದರೆ ಹೊರಮೈಯನ್ನು ಹಾಗೆಯೇ ಬಿಡಬಹುದು, ಆದರೆ ಒಳಮೈಯನ್ನು ಒಂದು ಅಂಗುಲವೂ ಬಿಡುವಂತಿಲ್ಲ.

ಅಜ್ಜಿ ನನ್ನ ಎರಡನೆಯ ಮಡಕೆಯನ್ನು ನೋಡಿದಾಗ ಹೊರಗಿನ ಆಕಾರದ ಬಗ್ಗೆ ಒಂದು ಮಾತೂ ಆಡಲಿಲ್ಲ. ಒಳಗೆ ಕೈ ಇಳಿಸಿ, ಕಣ್ಣು ಮುಚ್ಚಿ, ಬೆರಳ ತುದಿಯಿಂದ ಸುತ್ತಲೂ ಸವರಿದರು. "ಮಾಷ್ಟ್ರೇ, ಇಲ್ಲೊಂದು ಗೆರೆ ಸಿಗ್ತದೆ" ಎಂದರು. ನನ್ನ ಬೆರಳಿಗೆ ಅದು ಸಿಗಲೇ ಇಲ್ಲ. ಒಣಗಿದ ನಾಲ್ಕನೆಯ ದಿನ ಮಡಕೆ ಅಲ್ಲಿಯೇ ಬಾಯಿಬಿಟ್ಟಿತು. ಅಂದಿನಿಂದ ನಾನೂ ಕಣ್ಣು ಮುಚ್ಚಿಯೇ ಒಳಮೈಯನ್ನು ನೋಡುತ್ತೇನೆ.

ಕೂಡಿಸುವುದರಲ್ಲಿ ಕೈಯಷ್ಟೇ ಪಾಲು ಹೊತ್ತಿಗೂ ಇದೆ. ನಾಲ್ಕೈದು ಸುತ್ತು ಏರಿದ ಮೇಲೆ ಕೆಳಗಿನ ಗೋಡೆ ಹಸಿಯಾಗಿ ಬಳುಕುತ್ತದೆ, ಆಗ ನಿಲ್ಲಿಸಲೇಬೇಕು. ಗೋಡೆ ಅರೆ ಒಣಗಿದ ಹದಕ್ಕೆ, ಅಂದರೆ ಉಗುರಿನಿಂದ ಒತ್ತಿದರೆ ಗುರುತು ಬೀಳಬೇಕು ಆದರೆ ಬೆರಳಿಗೆ ಮಣ್ಣು ಅಂಟಬಾರದು ಎಂಬ ಹದಕ್ಕೆ ಬಂದ ಮೇಲೆ ಮುಂದಿನ ಸುತ್ತು. ಆದರೆ ಮೇಲಿನ ಅಂಚು ಅಷ್ಟು ಒಣಗಬಾರದು. ಅದರ ಮೇಲೆ ಹೊಸ ಹಸಿ ಬತ್ತಿ ಕೂಡಬೇಕಲ್ಲ. ಅದಕ್ಕಾಗಿ ಅಂಚಿಗೆ ಮಾತ್ರ ಒದ್ದೆ ಬಟ್ಟೆಯನ್ನೋ ಬಾಳೆಲೆಯನ್ನೋ ಹೊದಿಸಿ, ಕೆಳಗಿನ ಗೋಡೆಯನ್ನು ಗಾಳಿಗೆ ಬಿಡಬೇಕು. ಒಂದೇ ಮಡಕೆಯಲ್ಲಿ ಕೆಳಗೆ ಒಂದು ಹದ, ಮೇಲೆ ಇನ್ನೊಂದು ಹದ. ಇವೆರಡನ್ನೂ ಏಕಕಾಲಕ್ಕೆ ಕಾಯುವುದು ಬತ್ತಿಯ ವಿದ್ಯೆಯ ಅತ್ಯಂತ ಕಠಿಣ ಭಾಗ. ಕುಂಭದ್ರೋಣ ಮಳೆಯ ತಿಂಗಳುಗಳಲ್ಲಿ ನಮ್ಮ ಜಗಲಿಯಲ್ಲಿ ಒಂದು ಮಡಕೆ ಮುಂದಿನ ಸುತ್ತಿಗೆ ಬಿಗಿಯಲು ಒಂದಿಡೀ ದಿನ ಬೇಕು, ಮಾರ್ಚಿನ ಗಾಳಿಯಲ್ಲಿ ಒಂದೆರಡು ಗಂಟೆ ಸಾಕು. ಹೊಸಬರು ಬೇಸಗೆಯಲ್ಲಿ ಕಲಿಯುವುದಕ್ಕಿಂತ ಮಳೆ ಹಿಂದೆ ಸರಿದ ಅಕ್ಟೋಬರಿನಲ್ಲಿ ಆರಂಭಿಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಆಕಾರದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಬತ್ತಿಯನ್ನು ಅಂಚಿನ ಹೊರಬದಿಗೆ ಸರಿಸಿ ಇಟ್ಟರೆ ಹೊಟ್ಟೆ ಅಗಲವಾಗುತ್ತದೆ, ಒಳಬದಿಗೆ ಸರಿಸಿದರೆ ಹೆಗಲು ಕಿರಿದಾಗುತ್ತದೆ. ಬುಡವನ್ನು ಒಂದು ಗೆರಟೆಯಲ್ಲೋ ತಗ್ಗು ತಟ್ಟೆಯಲ್ಲೋ ಹಾಳೆಯ ತುಂಡು ಹಾಸಿ ಕೂರಿಸಿಕೊಂಡರೆ ಗುಂಡಗೂ ಆಗುತ್ತದೆ, ತಿರುಗಿಸಲೂ ಸುಲಭ. ಒಲೆಯ ಮೇಲಿಡುವ ಪಾತ್ರೆಗೆ, ತುಳುವರು ಬಿಸಲೆ ಎನ್ನಲಿ, ಮಲಯಾಳಿಗಳು ಚಟ್ಟಿ ಎನ್ನಲಿ, ನಾವು ಅಳಗೆ ಎನ್ನೋಣ, ಮೂಲೆಯಿಲ್ಲದ ಗುಂಡು ತಳವೇ ಆಗಬೇಕು. ಮೂಲೆಯಿದ್ದಲ್ಲಿ ಬಿಸಿ ಸಮನಾಗಿ ಹರಡದೆ ಬಿರುಕು ಹುಟ್ಟುತ್ತದೆ. ಅರೆ ಒಣಗಿದ ಹದದಲ್ಲಿ ಒಳಗೆ ನುಣುಪು ಕಲ್ಲು ಹಿಡಿದು, ಹೊರಗಿನಿಂದ ಹಲಗೆಯಿಂದ ತಟ್ಟಿದರೆ ಗೋಡೆ ತೆಳುವಾಗುತ್ತದೆ, ಜೊತೆಗೆ ಬತ್ತಿಗಳ ಬೆಸುಗೆ ಇನ್ನಷ್ಟು ಬಿಗಿಯಾಗುತ್ತದೆ. ಆ ಮೇಲೆ ಗೆರಟೆಯ ಚೂರಿನಿಂದ ಕೆರೆದು, ಹೊಳೆಯ ನುಣುಪು ಕಲ್ಲಿನಿಂದ ಉಜ್ಜಿದರೆ ಯಾವ ಬಣ್ಣವೂ ಇಲ್ಲದೆ ಮೈ ಹೊಳೆಯುತ್ತದೆ.

ಒಣಗಿಸುವಾಗ ನೆರಳು, ಬಾಯಿ ಕೆಳಗೆ, ಎರಡು ಮೂರು ವಾರ. ಒಣಗಿತೋ ಇಲ್ಲವೋ ಎಂದು ತಿಳಿಯಲು ಅಜ್ಜಿ ಮಡಕೆಯನ್ನು ಕೆನ್ನೆಗೆ ಒತ್ತಿಕೊಳ್ಳುತ್ತಿದ್ದರು. ತಣ್ಣಗಿದ್ದರೆ ಒಳಗಿನ ನೀರು ಇನ್ನೂ ಆರುತ್ತಿದೆ ಎಂದು ಲೆಕ್ಕ. ಆರುವ ನೀರು ಶಾಖವನ್ನು ಸೆಳೆದುಕೊಳ್ಳುವುದರಿಂದಲೇ ಆ ತಂಪು ಎಂದು ನಾನು ಮೂವತ್ತು ವರ್ಷ ಪಾಠ ಮಾಡಿದ್ದೆ, ಆದರೆ ಅದನ್ನು ಕೆನ್ನೆಯಿಂದ ಅಳೆಯಬಹುದೆಂದು ನನಗೆ ಹೊಳೆದಿರಲಿಲ್ಲ. ಕೊನೆಯ ನಾಲ್ಕು ದಿನ ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಉಳಿದ ತೇವವೂ ಹೋಗುತ್ತದೆ.

ಸುಡುವುದಕ್ಕೆ ನಮ್ಮ ತೋಟಗಳೇ ಸೌದೆ ಕೊಡುತ್ತವೆ. ಅಂಗಳದ ಮೂಲೆಯಲ್ಲಿ ಒಂದಡಿ ತಗ್ಗು ತೆಗೆದು, ತೆಂಗಿನ ಸಿಪ್ಪೆ ಹಾಸಿ, ಮಡಕೆಗಳನ್ನು ಮಗುಚಿ ಜೋಡಿಸಿ, ಸುತ್ತಲೂ ಕೊತ್ತಳಿಗೆ, ಒಣ ಮಡಲು, ಮೇಲೆ ಬೈಹುಲ್ಲು ಹೊದಿಸಿ, ಹುಲ್ಲಿನ ಮೇಲೆ ಕೆಸರು ಮೆತ್ತಿ, ಅಲ್ಲಲ್ಲಿ ಕಂಡಿ ಬಿಡುತ್ತೇನೆ. ಮೊದಲ ಎರಡು ಗಂಟೆ ಬರೀ ಹೊಗೆಯ ಬಿಸಿ. ನೀರು ಹಬೆಯಾದಾಗ ಅದರ ಗಾತ್ರ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಗೋಡೆಯೊಳಗೆ ಒಂದು ಹನಿ ಉಳಿದು ಬೆಂಕಿ ಒಮ್ಮೆಲೇ ಏರಿದರೆ ಮಡಕೆ ಸಿಡಿಯುತ್ತದೆ. ಕಂಡಿಯ ಎದುರು ಸ್ಟೀಲಿನ ತಟ್ಟೆ ಹಿಡಿದು ನೋಡಿ. ಅದರ ಮೇಲೆ ಹಬೆ ಕೂರುವುದು ನಿಲ್ಲುವ ತನಕ ಬೆಂಕಿ ಏರಿಸಬಾರದು. ಆಮೇಲೆ ಧೈರ್ಯವಾಗಿ ಉರಿಸಬಹುದು. ಸುಮಾರು 450ರಿಂದ 600 ಡಿಗ್ರಿ ಸೆಲ್ಸಿಯಸ್ಸಿನೊಳಗೆ ಜೇಡಿಯ ಕಣದ ರಚನೆಯಲ್ಲೇ ಅಡಗಿದ್ದ ನೀರು ಬಿಟ್ಟುಹೋಗುತ್ತದೆ. ಶುದ್ಧ ಶೇಡಿಯಾದರೆ ಅದರ ತೂಕದಲ್ಲಿ ನೂರಕ್ಕೆ ಹದಿನಾಲ್ಕು ಪಾಲು ಇಂತಹ ನೀರು. ಅದು ಹೋದ ಮೇಲೆ ಆ ಮಣ್ಣು ಎಷ್ಟು ನೆನೆದರೂ ಮತ್ತೆ ಕೆಸರಾಗದು. 573 ಡಿಗ್ರಿಯಲ್ಲಿ ಮರಳಿನ ಹರಳುಗಳು ಒಮ್ಮೆಲೇ ಹಿಗ್ಗುತ್ತವೆ, ಆರುವಾಗ ಅದೇ ಬಿಸಿಯಲ್ಲಿ ಒಮ್ಮೆಲೇ ಕುಗ್ಗುತ್ತವೆ. ಆದ್ದರಿಂದ ರಾಶಿ ಪೂರ್ತಿ ತಣಿಯುವ ಮೊದಲು ಕೆದಕಬಾರದು. ರಾತ್ರಿ ಮುಚ್ಚಿಟ್ಟು ಬೆಳಿಗ್ಗೆ ತೆಗೆಯಬೇಕು. ಬಯಲು ಆವಿಗೆಯ ಬಿಸಿ 800 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲುತ್ತದೆ, ಅಳಗೆಗೆ ಅಷ್ಟು ಸಾಕು.

ಗಾಳಿ ಚೆನ್ನಾಗಿ ಆಡಿದರೆ ಮಡಕೆ ಕೆಂಪು. ಕೊನೆಯಲ್ಲಿ ಉಮಿಯನ್ನೋ ಸಗಣಿಪುಡಿಯನ್ನೋ ಸುರಿದು ಕಂಡಿಗಳನ್ನೆಲ್ಲ ಮುಚ್ಚಿಬಿಟ್ಟರೆ ಹೊಗೆಯ ಇಂಗಾಲ ಮೈಯೊಳಗೆ ಇಳಿದು ಮಡಕೆ ಕಪ್ಪಾಗುತ್ತದೆ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಸಾನ್ ಇಲ್ಡೆಫೊನ್ಸೊ ಎಂಬ ಮೂಲನಿವಾಸಿಗಳ ಊರಿನ ಮರಿಯಾ ಮಾರ್ಟಿನೆಜ್, ಬತ್ತಿಯಿಂದ ಕಟ್ಟಿ ಕಲ್ಲಿನಿಂದ ಉಜ್ಜಿದ ಮಡಕೆಗಳನ್ನು ಹೀಗೆ ಸಗಣಿಯ ಹೊಗೆಯಲ್ಲಿ ಮುಚ್ಚಿ, ಕನ್ನಡಿಯಂತಹ ಕಪ್ಪು ಬಣ್ಣವನ್ನು ತಂದು ಜಗತ್ಪ್ರಸಿದ್ಧರಾದರು. 1887ರಿಂದ 1980ರ ತನಕ ಬಾಳಿದ ಅವರು ತಿಗರಿಯನ್ನು ಅವಲಂಬಿಸಲಿಲ್ಲ.

ಉಪನ್ಯಾಸದ ಕೊನೆಯಲ್ಲಿ ಸಭೆಯಿಂದ ಎರಡು ಪ್ರಶ್ನೆಗಳು ಬಂದವು, ಅವುಗಳ ಉತ್ತರವನ್ನೂ ಇಲ್ಲಿ ಸೇರಿಸುತ್ತೇನೆ. ಹೊಸ ಅಳಗೆಯಲ್ಲಿ ನೀರು ಒಸರಿದರೆ ಏನು ಮಾಡಬೇಕೆಂದು ಒಬ್ಬ ತಾಯಿ ಕೇಳಿದರು. ಕುಚ್ಚಲಕ್ಕಿಯ ಗಂಜಿತಿಳಿಯನ್ನು ಅದರಲ್ಲಿ ತುಂಬಿ ಸಣ್ಣ ಉರಿಯಲ್ಲಿ ಒಂದೆರಡು ಸಲ ಕುದಿಸಿದರೆ, ಗಂಜಿಯ ಪಿಷ್ಟ ರಂಧ್ರಗಳಲ್ಲಿ ಕುಳಿತು ಒಸರುವುದು ನಿಲ್ಲುತ್ತದೆ. ಒಣಗುವಾಗ ಬಿರುಕು ಬಿಟ್ಟರೆ ಹಸಿ ಮಣ್ಣಿನಿಂದ ಮುಚ್ಚಬಹುದೇ ಎಂದು ಒಬ್ಬ ವಿದ್ಯಾರ್ಥಿ ಕೇಳಿದ. ಮುಚ್ಚಬಾರದು, ಒಣಗಿ ಕುಗ್ಗಿದ ಗೋಡೆಯಲ್ಲಿ ಇನ್ನೂ ಕುಗ್ಗಬೇಕಾದ ಮಣ್ಣು ನಿಲ್ಲುವುದಿಲ್ಲ. ಆ ಮಡಕೆಯನ್ನು ಕುಟ್ಟಿ ನೀರಿಗೆ ಹಾಕಿದರೆ ಮರುದಿನವೇ ಮತ್ತೆ ಮಣ್ಣು. ಸುಟ್ಟ ಮೇಲೆ ಒಡೆದರೆ ಪುಡಿಮಾಡಿ ಮುಂದಿನ ಮಣ್ಣಿಗೆ ಬೆರೆಸಬಹುದು. ಮೇಜಿನ ಮೇಲಿರುವ ಆ ಚೂರು ಬಿಟ್ಟು ನನ್ನ ಮೊದಲ ಮಡಕೆಯ ಉಳಿದ ಭಾಗವೆಲ್ಲ ಈಗ ಬೇರೆ ಮಡಕೆಗಳ ಗೋಡೆಯಲ್ಲಿದೆ.

ವಾಚನಾಲಯದ ಹಿಂದಿನ ಜಗಲಿಯಲ್ಲಿ ಒದ್ದೆ ಗೋಣಿಯ ಅಡಿಯಲ್ಲಿ ಹದ ಮಾಡಿದ ಮಣ್ಣು ಇದೆ, ಹಲಗೆಗಳೂ ಗೆರಟೆಗಳೂ ಇವೆ. ಕಲಿಯಬೇಕೆಂದಿರುವವರು ಈಗಲೇ ಬನ್ನಿ. ಬುಡ ಮತ್ತು ಮೊದಲ ಮೂರು ಸುತ್ತು ಇಂದು ಕಟ್ಟಿ, ಅಂಚಿಗೆ ಬಾಳೆಲೆ ಹೊದಿಸಿ ಇಟ್ಟು ಹೋಗೋಣ. ನಾಲ್ಕನೆಯ ಸುತ್ತು ನಾಳೆ ಬೆಳಿಗ್ಗೆ ಏಳು ಗಂಟೆಗೆ, ಬಿಸಿಲು ಜಗಲಿಗೆ ಬರುವ ಮೊದಲು.